ಬೇಗ ಮುಗಿಸಲು ಹೋಗಬೇಡಿ: ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕವರಿಗೆ

ಈ ಮಾತಿಗೆ ಕರೆದಾಗ ಸಂಘಟಕರಿಗೆ ಮೊದಲೇ ಹೇಳಿದ್ದೆ. ಕುಡಿದು ಗಾಡಿ ಓಡಿಸಬಾರದು ಎಂದು ಉಪದೇಶ ಮಾಡಲು ನಾನು ಬರುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಸಿಕ್ಕಿಬಿದ್ದವನಿಗೂ ಗೊತ್ತಿತ್ತು. ನಾನು ಮಾತಾಡಬೇಕೆಂದುಕೊಂಡಿರುವುದು ಆಮೇಲಿನದರ ಬಗ್ಗೆ. ತಡೆದು ನಿಲ್ಲಿಸಿ, ಊದಿಸಿ, ಕೇಸು ಬರೆದು ಕಳಿಸಿದ ಆ ರಾತ್ರಿಯಿಂದ ಮುಂದಿನ ಒಂದು ವರ್ಷವನ್ನು ಹೇಗೆ ಕಳೆಯಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ನಾನು ವಕೀಲನಲ್ಲ. ಕುಡಿತದಿಂದ ತೊಂದರೆಗೆ ಸಿಕ್ಕವರ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಮೊದಲ ಕೇಸಿನಲ್ಲಿ ಬರುವವರೆಲ್ಲ ಹೆಚ್ಚೂಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: "ಇದನ್ನ ಬೇಗ ಮುಗಿಸೋದು ಹೇಗೆ?" ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ನಾಚಿಕೆ ಮೈಸುಡುತ್ತಿರುವಾಗ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ನನ್ನ ಉತ್ತರ ಯಾವಾಗಲೂ ಒಂದೇ: ಬೇಗ ಮುಗಿಸಲು ಹೋಗಬೇಡಿ. ಯೋಚಿಸದೆ ತಪ್ಪೊಪ್ಪಿಕೊಳ್ಳುವುದು, ಯಾರಿಗೋ ದುಡ್ಡು ಕೊಡಲು ಹೋಗುವುದು, ಮನೆಯಲ್ಲಿ ಮುಚ್ಚಿಡುವುದು, ಕಚೇರಿಯ ಅರ್ಜಿಯಲ್ಲಿ "ಇಲ್ಲ" ಎಂದು ಬರೆಯುವುದು, ಇವೆಲ್ಲ ಆ ಅವಸರದಲ್ಲೇ ಆಗುವ ಕೆಲಸಗಳು. ಮೂಲ ತಪ್ಪು ಒಂದು ರಾತ್ರಿಯದು. ಇವು ವರ್ಷಗಟ್ಟಲೆ ಕಾಡುತ್ತವೆ.

ಆ ರಾತ್ರಿಯಿಂದಲೇ ಶುರು ಮಾಡೋಣ. ನಿಮ್ಮನ್ನು ನಿಲ್ಲಿಸಿದ್ದಾರೆ, ಯಂತ್ರಕ್ಕೆ ಊದಿದ್ದೀರಿ, ಅಂಕಿ ಬಂದಿದೆ. ಆಗ ಮಾಡಬಹುದಾದದ್ದು ಬಹಳ ಕಡಿಮೆ, ಆ ಸ್ವಲ್ಪವೂ ಮುಖ್ಯ. ಹೆಸರು, ವಿಳಾಸ, ಲೈಸೆನ್ಸ್ ಕೇಳಿದರೆ ಕೊಡಿ. ಎಷ್ಟು ಕುಡಿದೆ, ಎಲ್ಲಿ ಕುಡಿದೆ ಎಂಬ ಕಥೆಯನ್ನು ಅಲ್ಲಿ ಬಿಚ್ಚಬೇಡಿ. ಜಗಳಕ್ಕೆ ನಿಲ್ಲಬೇಡಿ. ಪಕ್ಕದಲ್ಲಿ ಕೂತಿದ್ದ ಸ್ನೇಹಿತ "ನಾನೇ ಓಡಿಸ್ತಿದ್ದೆ" ಎಂದು ಮುಂದೆ ಬಂದರೆ ತಡೆಯಿರಿ. ಅವನು ನಿಮ್ಮ ಮೇಲಿನ ಪ್ರೀತಿಯಿಂದ ಒಂದು ಹೊಸ ಅಪರಾಧಕ್ಕೆ ಕೈ ಹಾಕುತ್ತಿದ್ದಾನೆ. ಇನ್ನೊಂದು ವಿಷಯ ನಮ್ಮ ದೇಶದಲ್ಲಿ ಹಲವರಿಗೆ ತಿಳಿದಿಲ್ಲ. ಹೆಲ್ಮೆಟ್ ಇಲ್ಲದ ಕೇಸಿನಂತೆ ಇದನ್ನು ರಸ್ತೆಯಲ್ಲೇ ದಂಡ ಕಟ್ಟಿ ಬಗೆಹರಿಸಲು ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಕೇಸು ನ್ಯಾಯಾಲಯಕ್ಕೇ ಹೋಗಬೇಕು. ಹಾಗಾಗಿ ಅಲ್ಲೇ ದುಡ್ಡು ಕೊಟ್ಟು ಮುಗಿಸೋಣ ಎಂಬ ಮಾತು ಯಾವ ಕಡೆಯಿಂದ ಬಂದರೂ ಅದು ಲಂಚದ ಮಾತು.

ಊದುವುದಿಲ್ಲ ಎಂದರೆ ಏನಾಗುತ್ತದೆ? ಪ್ರತಿ ಸಭೆಯಲ್ಲೂ ಬರುವ ಪ್ರಶ್ನೆ ಇದು. ನಿರಾಕರಿಸಿದರೆ ಸಾಕ್ಷಿಯೇ ಇರುವುದಿಲ್ಲ, ತಪ್ಪಿಸಿಕೊಳ್ಳಬಹುದು ಎಂಬ ನಂಬಿಕೆ ಹಳೆಯದು. ಬಹುತೇಕ ದೇಶಗಳ ಕಾನೂನು ಆ ಬಾಗಿಲನ್ನು ಎಂದೋ ಮುಚ್ಚಿದೆ. ಬ್ರಿಟನ್ನಿನಲ್ಲಿ ಸಕಾರಣವಿಲ್ಲದೆ ಮಾದರಿ ಕೊಡದಿರುವುದೇ ಒಂದು ಅಪರಾಧ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ, ಲೈಸೆನ್ಸ್ ಪಡೆದು ರಸ್ತೆಗಿಳಿದಾಗಲೇ ನೀವು ಪರೀಕ್ಷೆಗೆ ಒಪ್ಪಿದ್ದೀರಿ ಎಂದು ಕಾನೂನು ಭಾವಿಸುತ್ತದೆ. ನಿರಾಕರಿಸಿದರೆ ಲೈಸೆನ್ಸಿಗೆ ಬೇರೆಯೇ ಕುತ್ತು. ನಮ್ಮಲ್ಲಿ 205ನೇ ಸೆಕ್ಷನ್ ಇದೆ. ಸರಿಯಾದ ಕಾರಣವಿಲ್ಲದೆ ಪರೀಕ್ಷೆ ಬೇಡವೆಂದರೆ ಆ ನಿರಾಕರಣೆಯೇ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡಬಹುದು. ಅದೇ ಕಾಯ್ದೆಯಲ್ಲಿ ನಿಮ್ಮ ರಕ್ಷಣೆಯೂ ಇದೆ, ಅದನ್ನೂ ತಿಳಿದಿರಿ. ಈ ಕೇಸಿನಲ್ಲಿ ಬಂಧಿಸಿದರೆ 2 ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು. ಆಗದಿದ್ದರೆ ಬಿಡುಗಡೆ ಮಾಡಬೇಕು. ಇದು ಜಾಮೀನು ಸಿಗುವ ಅಪರಾಧವೂ ಹೌದು.

ಆ ಅಂಕಿಯ ಬಗ್ಗೆ ಸ್ವಲ್ಪ ದಾರಿ ಬಿಟ್ಟು ಮಾತಾಡುತ್ತೇನೆ, ಯಾಕೆಂದರೆ ಜನ ಕೋಪ ಮಾಡಿಕೊಳ್ಳುವುದು ಅದರ ಮೇಲೆಯೇ. "ನಾನು ಸ್ಟಡಿಯಾಗೇ ಇದ್ದೆ, ಮಿಷಿನ್ ಏನೋ ತೋರಿಸ್ತು." ಒಂದು ಕಾಲದಲ್ಲಿ ಕಾನೂನೂ ಹಾಗೇ ಇತ್ತು. ಚಾಲಕ ತೂರಾಡುತ್ತಿದ್ದನೇ, ಮಾತು ತೊದಲುತ್ತಿತ್ತೇ, ನೇರ ಗೆರೆಯ ಮೇಲೆ ನಡೆದನೇ ಎಂದು ನೋಡುತ್ತಿದ್ದರು. ನಾರ್ವೆ 1936ರಲ್ಲಿ ಅದನ್ನು ಬದಲಾಯಿಸಿತು. ರಕ್ತದಲ್ಲಿ ಇಷ್ಟು ಮದ್ಯ ಇದ್ದರೆ ಸಾಕು, ಅದೇ ಅಪರಾಧ ಎಂದಿತು. ಅದರ ಹಿಂದೆ ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಎಂಬ ವಿಜ್ಞಾನಿಯ ಕೆಲಸವಿತ್ತು. ಮದ್ಯ ರಕ್ತಕ್ಕೆ ಹೇಗೆ ಸೇರುತ್ತದೆ, ಎಷ್ಟು ವೇಗದಲ್ಲಿ ಇಳಿಯುತ್ತದೆ ಎಂಬುದನ್ನು ಅವರು ಅಳೆದು ಲೆಕ್ಕ ಕಟ್ಟಿದ್ದರು. 1954ರಲ್ಲಿ ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ ಉಸಿರಿನಿಂದಲೇ ಅಳೆಯುವ, ಪೊಲೀಸರು ಬಳಸಬಹುದಾದ ಯಂತ್ರ ತಂದರು. ನಮ್ಮ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಇಂಗ್ಲೆಂಡಿನಲ್ಲಿ 80. ಸ್ಕಾಟ್‌ಲೆಂಡ್ 2014ರಲ್ಲಿ 50ಕ್ಕೆ ಇಳಿಸಿಕೊಂಡಿತು. ಅಮೆರಿಕದ ರಾಜ್ಯಗಳಲ್ಲಿ 80, ಯೂಟಾದಲ್ಲಿ ಮಾತ್ರ 2018ರ ಕೊನೆಯಿಂದ 50. ಹಾಗಾಗಿ "ನನಗೆ ಏರಿರಲಿಲ್ಲ" ಎಂಬ ಮಾತಿಗೆ ನ್ಯಾಯಾಲಯದಲ್ಲಿ ಜಾಗವಿಲ್ಲ. ಇನ್ನೂ ಒಂದು ಸಂಗತಿ ಇದೆ. ಮದ್ಯ ಮೊದಲು ಕೈ ಹಾಕುವುದು ವಿವೇಚನೆಗೆ. ತಾನು ಚೆನ್ನಾಗಿದ್ದೇನೋ ಇಲ್ಲವೋ ಎಂದು ತೂಗಿ ನೋಡುವ ಶಕ್ತಿಯೇ ಮೊದಲು ಕುಂದುತ್ತದೆ. ಹೆಚ್ಚು ಕುಡಿದು ರೂಢಿಯಾದವನು ತೂರಾಡುವುದಿಲ್ಲ, ತೊದಲುವುದಿಲ್ಲ. ಆದರೆ ಎದುರಿಗೆ ಅಡ್ಡ ಬಂದದ್ದಕ್ಕೆ ಬ್ರೇಕ್ ಒತ್ತಲು ಅವನೂ ತಡಮಾಡುತ್ತಾನೆ.

ಯಂತ್ರ ಎಂದಿಗೂ ತಪ್ಪುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆಗಷ್ಟೇ ಕುಡಿದಿದ್ದರೆ, ಮದ್ಯಸಾರ ಇರುವ ಮೌತ್‌ವಾಶ್ ಬಳಸಿದ್ದರೆ, ತೇಗು ಬಂದಿದ್ದರೆ ಬಾಯಲ್ಲಿ ಉಳಿದ ಮದ್ಯ ಅಂಕಿಯನ್ನು ಏರಿಸುತ್ತದೆ. ಅದಕ್ಕೇ 15 ನಿಮಿಷ ಕಾದು ಮತ್ತೆ ಅಳೆಯುವ ಪದ್ಧತಿ ಇರುವುದು. ಇದನ್ನು ವಾದಿಸುವ ಜಾಗ ರಸ್ತೆಯಲ್ಲ. ಅಂಥದ್ದು ಏನಾದರೂ ಆಗಿದ್ದರೆ ಮನೆಗೆ ಬಂದ ಮೇಲೆ, ನೆನಪು ಹಸಿಯಾಗಿರುವಾಗಲೇ ಬರೆದಿಡಿ. ಎಷ್ಟು ಗಂಟೆಗೆ ನಿಲ್ಲಿಸಿದರು, ಎಷ್ಟು ಸಲ ಊದಿಸಿದರು, ಯಾವ ಅಂಕಿ ತೋರಿಸಿದರು, ರಕ್ತ ತೆಗೆದರೇ, ಯಾವ ಕಾಗದಕ್ಕೆ ಸಹಿ ಹಾಕಿದಿರಿ, ಎಲ್ಲವೂ ಇರಲಿ.

ಈಗ ಬೆಳಗ್ಗೆ. ಜನ ಎದ್ದು, ಕಾಫಿ ಕುಡಿದು, ಸ್ನಾನ ಮಾಡಿ ಗಾಡಿ ಬಿಡಿಸಿಕೊಳ್ಳಲು ಹೋಗುತ್ತಾರೆ, ಅದೇ ಗಾಡಿ ಓಡಿಸಿಕೊಂಡು ಬರುತ್ತಾರೆ. ಇಲ್ಲಿ ಒಂದು ಸಣ್ಣ ಲೆಕ್ಕ ಕೇಳಿ. ಸಾಮಾನ್ಯ ದೇಹ 100 ಮಿಲಿಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಮದ್ಯವನ್ನು ಇಳಿಸುತ್ತದೆ. ಕೆಲವರಲ್ಲಿ 10, ಕೆಲವರಲ್ಲಿ 20. ಕಾಫಿ, ನಿಂಬೆಹಣ್ಣು, ತಣ್ಣೀರು, ವಾಂತಿ ಇವು ಯಾವುವೂ ಆ ವೇಗ ಹೆಚ್ಚಿಸುವುದಿಲ್ಲ. ಮಧ್ಯರಾತ್ರಿ 12ಕ್ಕೆ ನಿಮ್ಮ ರಕ್ತದಲ್ಲಿ 150 ಇತ್ತು ಎಂದಿಟ್ಟುಕೊಳ್ಳಿ. ಬೆಳಗ್ಗೆ 8ಕ್ಕೆ ಇನ್ನೂ 30 ಉಳಿದಿರುತ್ತದೆ. ನಮ್ಮ ಕಾನೂನಿನ ಗೆರೆಗೆ ತಾಗಿಕೊಂಡೇ ಇರುತ್ತೀರಿ. ಪೂರ್ತಿ ಇಳಿಯಲು 10 ಗಂಟೆ ಆಗಬೇಕು. ನಿದ್ದೆ ಮಾಡಿ ಎದ್ದವನಿಗೆ ತಲೆ ತಿಳಿಯಾಗಿದೆ ಅನ್ನಿಸುತ್ತದೆ, ರಕ್ತ ತಿಳಿಯಾಗಿರುವುದಿಲ್ಲ. ಮೊದಲ ಕೇಸಿನ ಮರುದಿನವೇ ಎರಡನೆಯದು ಬಿದ್ದರೆ ನ್ಯಾಯಾಧೀಶರ ಮುಂದೆ ಏನು ಹೇಳುತ್ತೀರಿ? ಗಾಡಿ ತರಲು ಬೇರೆಯವರನ್ನು ಕಳಿಸಿ.

ಅದೇ ಬೆಳಗ್ಗೆಗೆ ಸೇರಿದ ಇನ್ನೆರಡು ಮಾತು ಇವೆ. ಇದನ್ನು ಮನೆಯವರು ಗಮನವಿಟ್ಟು ಕೇಳಬೇಕು. ಕೆಲವರು ಆ ನಾಚಿಕೆಯಲ್ಲಿ "ಇವತ್ತಿಂದ ಒಂದು ಹನಿ ಮುಟ್ಟಲ್ಲ" ಎಂದು ಶಪಥ ಮಾಡುತ್ತಾರೆ. ವರ್ಷಗಳಿಂದ ದಿನವೂ ಹೆಚ್ಚು ಕುಡಿಯುತ್ತಿದ್ದವರಾದರೆ ಹಾಗೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ಕೈ ನಡುಕ, ಬೆವರು, ನಿದ್ದೆ ಬಾರದಿರುವುದರಿಂದ ಶುರುವಾಗಿ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವುದು, ಯಾರೋ ಮಾತಾಡಿದಂತೆ ಕೇಳುವುದು, ದಿಕ್ಕು ತಪ್ಪುವುದು ಆಗಬಹುದು. ಪ್ರಾಣಕ್ಕೂ ಕುತ್ತು ಬರುವ ಸ್ಥಿತಿ ಅದು. ವೈದ್ಯರ ಕೈಯಲ್ಲಿ ಇದಕ್ಕೆ ಒಳ್ಳೆಯ ಔಷಧಗಳಿವೆ, ಆಸ್ಪತ್ರೆಗೆ ಕರೆದೊಯ್ಯಿರಿ. ಬಂಧನದಲ್ಲಿದ್ದರೂ ಅಷ್ಟೇ, ದಿನವೂ ಕುಡಿಯುವ ವ್ಯಕ್ತಿ ಎಂದು ಅಲ್ಲಿಯವರಿಗೆ ನೀವೇ ತಿಳಿಸಿ. ಅದನ್ನು ಮುಚ್ಚಿಡುವುದರಿಂದ ಮಾನ ಉಳಿಯುವುದಿಲ್ಲ, ಜೀವ ಹೋಗಬಹುದು.

ಇನ್ನೊಂದು, ಆ ಮೊದಲ ಕೆಲವು ರಾತ್ರಿಗಳ ಏಕಾಂತ. ಎಂದೂ ಠಾಣೆಯ ಮೆಟ್ಟಿಲು ಹತ್ತದವರಿಗೆ, ಊರಲ್ಲಿ ಒಳ್ಳೆಯ ಹೆಸರಿರುವವರಿಗೆ, ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಿಗೆ ಇದು ಬದುಕೇ ಮುಗಿದಂತೆ ಅನ್ನಿಸುತ್ತದೆ. ಮದ್ಯವೂ ನಾಚಿಕೆಯೂ ಒಟ್ಟಿಗೆ ಇರುವ ಮನಸ್ಸು ತನಗೇ ಹಾನಿ ಮಾಡಿಕೊಳ್ಳುವ ಕಡೆ ಜಾರಬಹುದು. ಅಂಥವರನ್ನು ಒಬ್ಬರೇ ಮಲಗಲು ಬಿಡಬೇಡಿ. ಬೈಯುವುದಿದ್ದರೆ ನಾಲ್ಕು ದಿನ ಬಿಟ್ಟು ಬೈಯಿರಿ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿದಾಗ ಅವರಿಗೆ ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ.

ಸರಿ, ಕಾನೂನಿಗೆ ಬರೋಣ. ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಏನೆಂದರೆ, ಒಂದೇ ರಾತ್ರಿಯಿಂದ ಎರಡು ಬೇರೆ ಬೇರೆ ಪ್ರಕರಣಗಳು ಹುಟ್ಟುತ್ತವೆ. ಒಂದು ನ್ಯಾಯಾಲಯದ ಕೇಸು. ಇನ್ನೊಂದು ಲೈಸೆನ್ಸಿನದು. ಇವೆರಡಕ್ಕೂ ಕಚೇರಿ ಬೇರೆ, ಗಡುವು ಬೇರೆ. ಒಂದು ಮುಗಿದರೆ ಇನ್ನೊಂದು ಮುಗಿದಂತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಂಧನವಾದ 10 ದಿನದೊಳಗೆ ವಾಹನ ಇಲಾಖೆಯಲ್ಲಿ ವಿಚಾರಣೆ ಕೇಳದಿದ್ದರೆ, ನ್ಯಾಯಾಲಯದ ಮೊದಲ ದಿನಾಂಕ ಬರುವ ಮೊದಲೇ ಲೈಸೆನ್ಸ್ ಉಳಿಸಿಕೊಳ್ಳಲು ವಾದಿಸುವ ಅವಕಾಶ ಕೈತಪ್ಪುತ್ತದೆ. ಮಕ್ಕಳು ಅಲ್ಲಿರುವ ತಂದೆತಾಯಿಯರು ಇಲ್ಲಿ ಕೆಲವರಿದ್ದೀರಿ, ಇದನ್ನು ನೆನಪಿಡಿ. ನಮ್ಮಲ್ಲಿಯೂ ಪೊಲೀಸರು ಲೈಸೆನ್ಸ್ ವಶಕ್ಕೆ ಪಡೆದು ಸಾರಿಗೆ ಅಧಿಕಾರಿಗೆ ಕಳಿಸುತ್ತಾರೆ, ಅಮಾನತಿನ ಪ್ರಕ್ರಿಯೆ ಅಲ್ಲಿ ನಡೆಯುತ್ತದೆ. ನ್ಯಾಯಾಲಯದಲ್ಲಿ ದಂಡ ಕಟ್ಟಿ ಬಂದು, "ಮುಗೀತಲ್ಲ" ಎಂದುಕೊಂಡು ಅಮಾನತಾದ ಲೈಸೆನ್ಸಿನಲ್ಲೇ ಗಾಡಿ ಓಡಿಸಿ ಇನ್ನೊಂದು ಅಪರಾಧಕ್ಕೆ ಸಿಕ್ಕವರಿದ್ದಾರೆ. ಅಂಚೆಯಲ್ಲಿ ಬರುವ ಪ್ರತಿ ಕಾಗದವನ್ನೂ ಒಡೆದು ಓದಿ. ಒಡೆಯದ ಲಕೋಟೆಗಳನ್ನೇ ತಂದು ನನ್ನ ಮೇಜಿನ ಮೇಲೆ ಇಟ್ಟವರನ್ನು ನೋಡಿದ್ದೇನೆ, ಹೆದರಿಕೆ ಮನುಷ್ಯನಿಂದ ಏನೆಲ್ಲ ಮಾಡಿಸುತ್ತದೆ.

ಶಿಕ್ಷೆ ಎಷ್ಟು? ನಮ್ಮಲ್ಲಿ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೆಯ ಸಲಕ್ಕೆ ಜೈಲು 2 ವರ್ಷದವರೆಗೆ, ದಂಡ 15,000. ಇದು 2019ರ ತಿದ್ದುಪಡಿಯ ನಂತರದ ಲೆಕ್ಕ. ಬ್ರಿಟನ್ನಿನಲ್ಲಿ ಮೊದಲ ಸಲಕ್ಕೇ, ವಿಶೇಷ ಕಾರಣ ಇದ್ದರೆ ಹೊರತು, ಕನಿಷ್ಠ 12 ತಿಂಗಳು ಗಾಡಿ ಓಡಿಸುವಂತಿಲ್ಲ. ಆ ದಾಖಲೆ ಲೈಸೆನ್ಸಿನ ಮೇಲೆ 11 ವರ್ಷ ಕೂರುತ್ತದೆ. ಅಲ್ಲಿ ನ್ಯಾಯಾಲಯ ಸೂಚಿಸಿದ ತರಬೇತಿಯನ್ನು ಪೂರ್ತಿ ಮಾಡಿದರೆ ನಿಷೇಧದ ಕಾಲು ಭಾಗದವರೆಗೆ ಕಡಿಮೆಯಾಗಬಹುದು. ನನಗೆ ಆ ವ್ಯವಸ್ಥೆ ಇಷ್ಟ. ಶಿಕ್ಷೆಯ ಜೊತೆಗೆ ಕಲಿಯಲು ಒಂದು ಕಾರಣ ಕೊಡುತ್ತದೆ. ಬರೀ ದಂಡ ಕಟ್ಟಿಸಿ ಕಳಿಸುವುದು, ನನ್ನ ಮಟ್ಟಿಗೆ, ಎಲ್ಲಕ್ಕಿಂತ ದುರ್ಬಲವಾದ ಶಿಕ್ಷೆ. ದುಡ್ಡಿದ್ದವನಿಗೆ ಅದು ತಾಗುವುದೇ ಇಲ್ಲ, ದಿನಗೂಲಿಯವನ ಮನೆಯ ಒಲೆ ಆರಿಸುತ್ತದೆ. ಇಬ್ಬರ ಕುಡಿತದ ಬಗ್ಗೆಯೂ ಯಾರೂ ಒಂದು ಪ್ರಶ್ನೆ ಕೇಳಿರುವುದಿಲ್ಲ.

ತಪ್ಪು ಮಾಡಿದ್ದು ನಿಜವಾದ ಮೇಲೆ ವಕೀಲರು ಯಾಕೆ ಎಂದು ಒಬ್ಬರು ಚೀಟಿ ಬರೆದು ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ, ಪ್ರಾಮಾಣಿಕರೇ ಕೇಳುವ ಪ್ರಶ್ನೆ. ತಪ್ಪು ಒಪ್ಪಿಕೊಳ್ಳುವುದು ಬೇರೆ, ಏನನ್ನು ಒಪ್ಪಿಕೊಳ್ಳುತ್ತಿದ್ದೇನೆ ಎಂದು ತಿಳಿಯದೆ ಒಪ್ಪಿಕೊಳ್ಳುವುದು ಬೇರೆ. ನಿಮ್ಮ ಮೇಲೆ ಯಾವ ಯಾವ ಸೆಕ್ಷನ್ ಹಾಕಿದ್ದಾರೆ, ಒಪ್ಪಿದರೆ ಅದು ಶಿಕ್ಷೆಯ ದಾಖಲೆಯಾಗಿ ಎಲ್ಲೆಲ್ಲಿ ಉಳಿಯುತ್ತದೆ, ನಿಮ್ಮ ಉದ್ಯೋಗದ ನಿಯಮ ಏನು ಹೇಳುತ್ತದೆ, ಪರೀಕ್ಷೆ ಕ್ರಮಪ್ರಕಾರ ಆಗಿದೆಯೇ ಎಂದು ನೋಡಿ ಹೇಳುವವರು ಬೇಕು. ಅಷ್ಟೆಲ್ಲ ತಿಳಿದ ಮೇಲೂ "ಹೌದು ಸ್ವಾಮಿ, ತಪ್ಪಾಯಿತು" ಎನ್ನಲು ನಿಮಗೆ ಪೂರ್ಣ ಸ್ವಾತಂತ್ರ್ಯವಿದೆ. ಆ ಮಾತಿಗೆ ಆಗ ಹೆಚ್ಚು ತೂಕ ಬರುತ್ತದೆ. ವಕೀಲರಿಗೆ ಮಾತ್ರ ಎಲ್ಲವನ್ನೂ ಹೇಳಿ. ಎರಡು ಪೆಗ್ ಎಂದು ಅವರಿಗೂ ಸುಳ್ಳು ಹೇಳಿದರೆ ಅವರು ಆ ಸುಳ್ಳಿನ ಮೇಲೆ ನಿಮ್ಮ ರಕ್ಷಣೆ ಕಟ್ಟುತ್ತಾರೆ, ರಕ್ತದ ವರದಿ ಬಂದ ದಿನ ಅದು ಕುಸಿಯುತ್ತದೆ. ಫೀಸು ಕೊಡುವ ಶಕ್ತಿ ಇಲ್ಲದವರು ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿ. ಆದಾಯದ ಮಿತಿಯೊಳಗಿರುವವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಉಚಿತ ನೆರವಿನ ಹಕ್ಕಿದೆ.

ಯಾರಿಗಾದರೂ ಪೆಟ್ಟಾಗಿದ್ದರೆ ನಾನು ಇಲ್ಲಿಯವರೆಗೆ ಹೇಳಿದ್ದು ಸಾಲುವುದಿಲ್ಲ. ಅದು ಬೇರೆಯೇ ಪ್ರಕರಣ. 2006ರ ನವೆಂಬರಿನಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಕುಡಿದು ಓಡಿಸುತ್ತಿದ್ದ ಯುವಕನ ಕಾರು ಪಾದಚಾರಿ ದಾರಿಯಲ್ಲಿ ಮಲಗಿದ್ದ ಕಾರ್ಮಿಕರ ಮೇಲೆ ಹರಿದು 7 ಜನ ಸತ್ತರು. ಬರೀ ನಿರ್ಲಕ್ಷ್ಯ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಒಪ್ಪಲಿಲ್ಲ. ಕೊಲೆಯಲ್ಲದ ನರಹತ್ಯೆಯ ಅಪರಾಧವನ್ನೂ 3 ವರ್ಷದ ಶಿಕ್ಷೆಯನ್ನೂ ಎತ್ತಿಹಿಡಿಯಿತು. ಕುಡಿದು ಓಡಿಸಿದರೆ ಸಾವು ಸಂಭವಿಸಬಹುದು ಎಂದು ಓಡಿಸುವವನಿಗೆ ಗೊತ್ತಿತ್ತು ಎಂಬುದೇ ಅದರ ತಿರುಳು. ನಿಮ್ಮ ಮೊದಲ ಕೇಸಿನಲ್ಲಿ ಯಾರಿಗೂ ಏನೂ ಆಗಿಲ್ಲವೆಂದರೆ, ನಿಮಗೂ ಈ ಸ್ಥಿತಿಗೂ ನಡುವೆ ಇದ್ದದ್ದು ನಿಮ್ಮ ಜಾಣ್ಮೆಯಲ್ಲ. ಆ ಹೊತ್ತಿಗೆ ಅಲ್ಲಿ ಯಾರೂ ರಸ್ತೆ ದಾಟುತ್ತಿರಲಿಲ್ಲ, ಅಷ್ಟೇ. ನನ್ನ ಮುಂದೆ ಕೂತವರಿಗೆ ಇದನ್ನು ನಾನು ಮೆಲ್ಲಗೆ ಹೇಳುವುದಿಲ್ಲ.

ವಿಮೆಯ ಬಗ್ಗೆ ಎರಡೇ ಮಾತು. ಚಾಲಕ ಕುಡಿದಿದ್ದ ಎಂದಾದರೆ ನಿಮ್ಮ ವಾಹನದ ನಷ್ಟ ಕೊಡಲು ಕಂಪನಿ ನಿರಾಕರಿಸಬಹುದು, ಪಾಲಿಸಿಯಲ್ಲೇ ಆ ಷರತ್ತು ಇರುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್, ಉಸಿರಿನ ಅಥವಾ ರಕ್ತದ ಪರೀಕ್ಷೆಯ ಅಂಕಿ ಇಲ್ಲದಿದ್ದರೂ ಬೇರೆ ಸನ್ನಿವೇಶಗಳಿಂದ ಅದನ್ನು ತೀರ್ಮಾನಿಸಬಹುದು ಎಂದಿದೆ.

ಉದ್ಯೋಗ ಮತ್ತು ವೀಸಾದ ಮಾತಿಗೆ ಹೆಚ್ಚು ಸಮಯ ಬೇಕು. ಇವತ್ತಿನ ಯುವಕರು ಜೈಲಿಗಿಂತ ಇದಕ್ಕೇ ಹೆದರುತ್ತಾರೆ. ಅಮೆರಿಕದ ವೀಸಾ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ. ಯಾವುದಾದರೂ ಅಪರಾಧಕ್ಕೆ ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ ಅಥವಾ ಶಿಕ್ಷೆಯಾಗಿದೆಯೇ, ಕ್ಷಮಾದಾನ ಸಿಕ್ಕಿದ್ದರೂ ಹೇಳಿ, ಎನ್ನುತ್ತದೆ. ಬಂಧನವಾಗಿದ್ದು ಕೇಸು ಖುಲಾಸೆಯಾಗಿದ್ದರೂ ಉತ್ತರ "ಹೌದು". 2015ರ ನವೆಂಬರಿನಿಂದ ಅಮೆರಿಕದ ವಿದೇಶಾಂಗ ಇಲಾಖೆ, ಈಗಾಗಲೇ ವೀಸಾ ಪಡೆದವರು ಕುಡಿದು ಓಡಿಸಿ ಬಂಧನವಾದರೆ, ತೀರ್ಪು ಬರುವವರೆಗೆ ಕಾಯದೆ ವೀಸಾ ರದ್ದು ಮಾಡುವ ಪದ್ಧತಿ ಇಟ್ಟುಕೊಂಡಿದೆ. ಆ ದೇಶದಲ್ಲಿ ಇರುವ ಹಕ್ಕು ಅಷ್ಟಕ್ಕೇ ತಾನಾಗಿ ಹೋಗುವುದಿಲ್ಲ. ಆದರೆ ಊರಿಗೆ ಬಂದರೆ, ಹಿಂತಿರುಗಲು ಹೊಸ ವೀಸಾಕ್ಕೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಅಪ್ಪನ ಕಾರ್ಯಕ್ಕೆ ಬರಬೇಕೋ ಬೇಡವೋ ಎಂದು ಲೆಕ್ಕ ಹಾಕುವ ಸ್ಥಿತಿ ಅದು. ಕೆನಡಾದಲ್ಲಿ 2018ರ ಡಿಸೆಂಬರಿನಿಂದ ಈ ಅಪರಾಧದ ಗರಿಷ್ಠ ಶಿಕ್ಷೆ 10 ವರ್ಷವಾಯಿತು. ಅದರಿಂದ ವಿದೇಶಿಯರ ಮಟ್ಟಿಗೆ ಇದು ಗಂಭೀರ ಅಪರಾಧಗಳ ಸಾಲಿಗೆ ಸೇರಿತು, ಒಂದೇ ಕೇಸಿಗೆ ಗಡಿಯಲ್ಲಿ ಪ್ರವೇಶ ನಿರಾಕರಿಸಬಹುದು.

ಹಾಗೆಂದು ಎಲ್ಲವೂ ಮುಗಿಯಿತೆಂದಲ್ಲ. ಒಂದು ಹಳೆಯ ಕೇಸನ್ನು ಒಪ್ಪಿಕೊಂಡು, ಕಾಗದಪತ್ರ ಜೋಡಿಸಿ, ವೈದ್ಯರ ಮುಂದೆ ಹಾಜರಾಗಿ ಮುಂದೆ ಹೋದವರು ಬಹಳ ಇದ್ದಾರೆ. ನಿಜಕ್ಕೂ ದಾರಿ ಮುಚ್ಚುವುದು ಸುಳ್ಳಿನಿಂದ. "ಇಲ್ಲ" ಎಂದು ಗುರುತು ಹಾಕಿ ಆಮೇಲೆ ಸಿಕ್ಕಿಬಿದ್ದರೆ, ಅಲ್ಲಿಂದ ಮುಂದೆ ಅದು ವಂಚನೆಯ ಪ್ರಶ್ನೆ. ಕಚೇರಿಗೂ ಇದೇ ಮಾತು. ನಿಮ್ಮ ನೇಮಕಾತಿಯ ಷರತ್ತಿನಲ್ಲಿ ತಿಳಿಸಬೇಕು ಎಂದಿದೆಯೇ ಓದಿ. ಇದ್ದರೆ ತಿಳಿಸಿ, ಬರವಣಿಗೆಯಲ್ಲಿ, ಚಿಕ್ಕದಾಗಿ. ಇಲ್ಲದಿದ್ದರೆ ಊರಿಗೆಲ್ಲ ಸಾರಬೇಕಾಗಿಲ್ಲ. ಗಾಡಿ ಓಡಿಸಿಯೇ ಹೊಟ್ಟೆ ಹೊರೆಯುವವರ ಕಷ್ಟ ದೊಡ್ಡದು. ಲೈಸೆನ್ಸ್ ಹೋದ ದಿನವೇ ಅವರ ಸಂಬಳ ನಿಲ್ಲುತ್ತದೆ. ಮಾಲೀಕರು ಅಂಥವರನ್ನು ಆ ಕೆಲವು ತಿಂಗಳು ಬೇರೆ ಕೆಲಸಕ್ಕೆ ಹಾಕಿ ಉಳಿಸಿಕೊಂಡರೆ ಒಂದು ಸಂಸಾರ ಉಳಿಯುತ್ತದೆ. ಮಾಲೀಕರು ಯಾರಾದರೂ ಇಲ್ಲಿ ಕೂತಿದ್ದರೆ ಅವರಲ್ಲಿ ನನ್ನ ಬೇಡಿಕೆ ಇದು.

ಇನ್ನು ಮನೆ. ಹೆಚ್ಚಿನವರು ಹೆಂಡತಿಗೆ ಹೇಳುವುದಿಲ್ಲ. ಆಕೆಗೆ ಗೊತ್ತಾಗುವುದು ಸಮನ್ಸ್ ಮನೆ ಬಾಗಿಲಿಗೆ ಬಂದಾಗ. ಒಬ್ಬ ಹೆಣ್ಣುಮಗಳು ನನ್ನ ಮುಂದೆ ಹೇಳಿದ್ದು: "ಕುಡಿದದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ, ಅದು ಗೊತ್ತೇ ಇತ್ತು. ಎರಡು ತಿಂಗಳು ಗಾಡಿ ಸರ್ವಿಸಿಗೆ ಬಿಟ್ಟಿದೀನಿ ಅಂತ ಹೇಳ್ತಾ ಬಂದ್ರಲ್ಲ, ಅದು." ಮೊದಲ 24 ಗಂಟೆಯಲ್ಲಿ ಹೇಳಿಬಿಡಿ. ಕ್ಷಮೆ ಕೇಳುವ ದೊಡ್ಡ ಭಾಷಣ ಬೇಡ. ಏನಾಯಿತು, ಮುಂದೆ ಯಾವ ದಿನಾಂಕಗಳಿವೆ, ಎಷ್ಟು ಖರ್ಚಾಗಬಹುದು, ನಾಳೆಯಿಂದ ಮಕ್ಕಳನ್ನು ಶಾಲೆಗೆ ಯಾರು ಬಿಡುತ್ತಾರೆ, ಇಷ್ಟು ಸಾಕು. ಮಕ್ಕಳಿಗೂ ಅವರ ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ. ಅಪ್ಪ ಒಂದು ನಿಯಮ ಮುರಿದರು, ಅದಕ್ಕೆ ಕೆಲವು ತಿಂಗಳು ಗಾಡಿ ಓಡಿಸುವಂತಿಲ್ಲ. ಮಕ್ಕಳು ಇದನ್ನು ತಾಳಿಕೊಳ್ಳುತ್ತಾರೆ. ದೊಡ್ಡವರ ಪಿಸುಮಾತು ಅವರನ್ನು ಹೆದರಿಸುತ್ತದೆ.

ಜೊತೆಗೆ ಕುಡಿದ ಸ್ನೇಹಿತರ ಬಗ್ಗೆಯೂ ಹೇಳಬೇಕು. 2006ರಲ್ಲಿ ಜಪಾನಿನ ಫುಕುವೊಕಾದಲ್ಲಿ ಕುಡಿದವನೊಬ್ಬ ಹಿಂದಿನಿಂದ ಗುದ್ದಿ ಕಾರೊಂದು ಸೇತುವೆಯಿಂದ ನೀರಿಗೆ ಬಿದ್ದು ಮೂವರು ಪುಟ್ಟ ಮಕ್ಕಳು ಸತ್ತರು. ಮರುವರ್ಷ ಅಲ್ಲಿ ಕಾನೂನು ಬಿಗಿಯಾಯಿತು. ಓಡಿಸುತ್ತಾನೆಂದು ತಿಳಿದೂ ಕುಡಿಯಲು ಕೊಟ್ಟವರು, ಗಾಡಿ ಕೊಟ್ಟವರು, ಗೊತ್ತಿದ್ದೂ ಅವನ ಗಾಡಿ ಹತ್ತಿದವರು, ಎಲ್ಲರಿಗೂ ಶಿಕ್ಷೆ. ನಮ್ಮಲ್ಲಿ ಅಂಥ ಕಾನೂನು ಬರಲಿ ಬಿಡಲಿ, ಆ ತಿಳಿವಳಿಕೆಯಂತೂ ಬರಬೇಕು. ಕೇಸು ಬಿದ್ದವನನ್ನು ಮುಂದಿನ ವಾರವೇ "ಬಾರೋ, ಟೆನ್ಶನ್ ಬಿಡು" ಎಂದು ಮೇಜಿಗೆ ಕರೆಯುವವರು ಅವನ ಹಿತೈಷಿಗಳಲ್ಲ.

ನನ್ನ ಕೆಲಸಕ್ಕೆ ಹತ್ತಿರವಾದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲ ಸಲ ಸಿಕ್ಕದ್ದು ಎಂದರೆ ಮೊದಲ ಸಲ ಓಡಿಸಿದ್ದು ಎಂದಲ್ಲ. ಇದನ್ನು ಕೇಳಿದಾಗ ಎದುರಿಗಿರುವವರು ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ತಲೆ ಆಡಿಸುತ್ತಾರೆ. ಹಾಗಾದರೆ ಕುಡಿತ ನಿಮ್ಮ ಬದುಕಿನಲ್ಲಿ ಎಷ್ಟು ಜಾಗ ಹಿಡಿದಿದೆ? ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ ಆಡಿಟ್ ಎಂಬ 10 ಪ್ರಶ್ನೆಗಳ ಪಟ್ಟಿ ಇದೆ. ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಶುರು ಮಾಡಿದರೆ ನಿಲ್ಲಿಸಲು ಆಗುವುದಿಲ್ಲವೇ, ರಾತ್ರಿ ನಡೆದದ್ದು ಬೆಳಗ್ಗೆ ನೆನಪಿರುವುದಿಲ್ಲವೇ, ಕಡಿಮೆ ಮಾಡಿ ಎಂದು ಯಾರಾದರೂ ಹೇಳಿದ್ದಾರೆಯೇ, ಹೀಗೆ. ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಗೆರೆ ದಾಟಿದೆ ಎಂದು ತಿಳಿಯಬೇಕು. ಐದು ನಿಮಿಷದ ಕೆಲಸ. ಎಷ್ಟೋ ಜನ ನಲವತ್ತು ದಾಟಿದ ವಯಸ್ಸಿನಲ್ಲಿ ಮೊದಲ ಸಲ ಈ ಪ್ರಶ್ನೆಗಳಿಗೆ ನಿಜ ಉತ್ತರ ಕೊಡುವುದು ಈ ಕೇಸಿನ ಕಾರಣಕ್ಕೆ. ಬೇಗ ಮುಗಿಸಬೇಡಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿಯೇ. ಕೇಸು ತೆರೆದಿರುವ ಆ ತಿಂಗಳುಗಳಲ್ಲಿ ಮನುಷ್ಯ ತನ್ನ ಮಾತು ತಾನೇ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರುತ್ತಾನೆ. ದಂಡದ ರಸೀದಿ ಕೈಗೆ ಬಂದ ಮೇಲೆ ಆ ಕಿವಿ ಮತ್ತೆ ಮುಚ್ಚುತ್ತದೆ.

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ 2005ರಲ್ಲಿ, ಮೊದಲ ಸಲ ಶಿಕ್ಷೆಯಾದವರಿಗೂ ಕಾರಿನಲ್ಲಿ ಒಂದು ಸಾಧನ ಕಡ್ಡಾಯ ಮಾಡಿತು. ಊದಿ, ಮದ್ಯ ಇಲ್ಲವೆಂದು ಖಚಿತವಾದರೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ. ಓಡುತ್ತಿರುವಾಗಲೂ ಆಗಾಗ ಮತ್ತೆ ಊದಲು ಕೇಳುತ್ತದೆ. ಅಂಥ ಯಂತ್ರ ಇಲ್ಲದ ಕಡೆ ಆ ಕೆಲಸವನ್ನು ನೀವೇ ಏರ್ಪಾಡು ಮಾಡಿಕೊಳ್ಳಬೇಕು. ಕುಡಿದ ಮೇಲೆ ಮಾಡುವ ನಿರ್ಧಾರವನ್ನು ನಂಬುವಂತಿಲ್ಲ, ಹಾಗಾಗಿ ನಿರ್ಧಾರ ಕುಡಿಯುವ ಮೊದಲೇ ಆಗಿರಬೇಕು. ಕುಡಿಯುವ ಕಡೆಗೆ ಗಾಡಿಯನ್ನೇ ಒಯ್ಯಬೇಡಿ. ಗಾಡಿ ಅಲ್ಲಿದ್ದರೆ ಅದನ್ನು ಮನೆಗೆ ತರಬೇಕು ಎಂಬ ಯೋಚನೆ ಎರಡನೆಯ ಲೋಟದ ನಂತರ ಬಂದೇ ಬರುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದ್ದಾರೆ: ಮಗನಿಗೆ ಕೇಸಾಗಿದೆ, ದಂಡವನ್ನು ನಾನೇ ಕಟ್ಟಿಬಿಡಲೇ? ಕಟ್ಟಬೇಡಿ ತಾಯಿ. ವಕೀಲರ ಫೀಸಿಗೆ ಹಣ ಇಲ್ಲವೆಂದರೆ ಸಾಲವಾಗಿ ಕೊಡಿ, ಎಷ್ಟೆಂದು ಬರೆದಿಡಿ. ದಂಡ ಅವನ ದುಡಿಮೆಯಿಂದಲೇ ಹೋಗಲಿ. ನ್ಯಾಯಾಲಯಕ್ಕೆ ಜೊತೆಗೆ ಹೋಗಿ, ಆದರೆ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಹೆಸರು ಕೂಗಿದಾಗ ಅವನೇ ಎದ್ದು ಹೋಗಲಿ, ಅವನೇ ಉತ್ತರ ಹೇಳಲಿ. ಅಲ್ಲಿಂದ ಬಂದ ವಾರದಲ್ಲೇ ಆ 10 ಪ್ರಶ್ನೆಗಳಿಗೆ ವೈದ್ಯರ ಎದುರು ಕೂತು ಉತ್ತರಿಸಲು ಕರೆದುಕೊಂಡು ಹೋಗಿ. ಬರಲ್ಲ ಎಂದರೆ ನೀವೊಬ್ಬರೇ ಹೋಗಿ ವೈದ್ಯರ ಬಳಿ ಮಾತಾಡಿ. ಮನೆಯವರು ಮೊದಲು ಬಂದು, ಕೆಲವು ತಿಂಗಳ ನಂತರ ಕುಡಿಯುವವರು ಬಂದದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.